ಹೆಳವರ ಪುಸ್ತಕದಲ್ಲಿ ದಾಯಾದಿಗಳೂ ಇರುತ್ತಾರೆ

ಎತ್ತಿನ ಗಂಟೆಯ ಸದ್ದಿಗೆ ಕಿವಿಗೊಟ್ಟು ಕೂತಿದ್ದರೆ, ಹೆಳವಪ್ಪ ಮೋಟಾರ್ ಸೈಕಲ್ ಮೇಲೆ ಬಂದಿಳಿದರು. ಬೀಳಗಿ ತಾಲ್ಲೂಕಿನ ಒಂದು ಪುನರ್ವಸತಿ ಕೇಂದ್ರ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟವರು ಕಟ್ಟಿಕೊಂಡ ಮನೆಗಳ ಸಾಲಿನಲ್ಲಿ ಗೆಳೆಯನ ಮನೆಯೂ ಒಂದು. ಹಳೆಯ ಊರಿನ ಗುಡಿ, ಅಗಸಿ, ಬಾವಿ ಎಲ್ಲ ನೀರಿನಡಿ ಹೋಗಿವೆ. ವಿಳಾಸ ಬದಲಾದ ಮೇಲೂ ಹೆಳವರು ಹುಡುಕಿಕೊಂಡು ಬಂದಿದ್ದರು.

ಉದ್ದ ಕೋಟು, ತಲೆಗೆ ಪಟಕ, ಹೆಗಲಿಗೆ ಬಟ್ಟೆಯ ಚೀಲ. ಕಟ್ಟೆಯ ಮೇಲೆ ಕೂತವರು ಮೊದಲು ಪುಸ್ತಕ ತೆಗೆಯಲಿಲ್ಲ. ಚೀಲದಿಂದ ಕಂಬಳಿ ತೆಗೆದು ಎರಡೂ ಮೊಣಕಾಲು ಮುಚ್ಚುವಂತೆ ಹೊದ್ದುಕೊಂಡು, ಗಂಟೆ ಬಾರಿಸಿ, ಆಮೇಲೆ ಬಾಯಿ ತೆರೆದರು. ಮೂಲಪುರುಷ ಯಾವ ಊರಿನವನು, ಅಲ್ಲಿಂದ ಯಾಕೆ ಎದ್ದು ಬಂದ, ಅವನಿಗೆ ಎಷ್ಟು ಹೆಂಡಿರು, ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರು, ಮಕ್ಕಳಿಲ್ಲದವನು ಯಾವ ಮನೆಯ ಹುಡುಗನನ್ನು ದತ್ತಕ ತಂದ. ರಾಗವಾಗಿ ಶುರುವಾಗಿ ಮಾತಾಗಿ ಇಳಿಯುವ ಆ ಓದು ಏಳನೆಯ ತಲೆಮಾರಿಗೆ ಬರುವಷ್ಟರಲ್ಲಿ ಅಕ್ಕಪಕ್ಕದ ಮನೆಯವರೆಲ್ಲ ಅಂಗಳದಲ್ಲಿ ನೆರೆದಿದ್ದರು.

ಒಂದು ಕವಲು ಬಂದಾಗ ಗೆಳೆಯನ ಅಪ್ಪ ಕೈ ಅಡ್ಡ ಹಿಡಿದರು. "ಆ ಮನಿ ಮಂದಿ ಹೆಸರು ಬಿಡ್ರಿ. ಅವರಿಗೂ ನಮಗೂ ಈಗ ಹೋಗೂದು ಬರೂದು ಇಲ್ಲ."

"ಬಿಡಾಕ ಬರೂದಿಲ್ರಿ ಗೌಡ್ರ. ನಾಳೆ ಅವರ ಮನಿಗೂ ಹೋಗೂದೈತಿ. ಇಲ್ಲಿ ಬಿಟ್ಟಿದ್ದನ್ನ ಅಲ್ಲಿ ಓದಿದ್ರ ನನ್ನ ಪುಸ್ತಕಾನ ಸುಳ್ಳ ಆಗತೈತಿ."

ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ.

ಹೆಳವರು ಯಾರೆಂದು ಉತ್ತರ ಕರ್ನಾಟಕದ ಓದುಗರಿಗೆ ಹೇಳಬೇಕಾಗಿಲ್ಲ. ವಂಶಾವಳಿಯನ್ನೇ ಕಸುಬು ಮಾಡಿಕೊಂಡ ಅಲೆಮಾರಿಗಳು; ಇಂತಿಂಥ ಮನೆತನಗಳು ಇಂಥ ಹೆಳವರಿಗೆ ಎಂಬ ಹಂಚಿಕೆ ಅಪ್ಪನಿಂದ ಮಗನಿಗೆ ಬರುತ್ತದೆ. ಕಾಳು, ಬಟ್ಟೆ, ಈಗೀಗ ನಗದು, ಇವೇ ಸಂಭಾವನೆ. ಹುಟ್ಟು, ಮದುವೆ, ವಲಸೆ ಎಲ್ಲ ಪುಸ್ತಕ ಸೇರುತ್ತವೆ.

ನನ್ನ ತಲೆ ಹೊಕ್ಕಿದ್ದು ಮಾತ್ರ ಆ ಕಂಬಳಿ. ಎತ್ತಿನ ಮೇಲೆ ಕೂತು, ಕಾಲು ಮುಚ್ಚಿಕೊಂಡು, ಗಂಟೆ ಬಾರಿಸುತ್ತ ಬರುವ ಹೆಳವನ ಚಿತ್ರ ಬ್ರಿಟಿಷರ ಕಾಲದ ಜಾತಿ ವಿವರಣೆಗಳಲ್ಲೂ ಇದೆ. ಬರೆದ ಅಧಿಕಾರಿಗಳಿಗೆ ಅದು ಕುಂಟನ ಸೋಗು ಹಾಕಿ ಬೇಡುವ ಉಪಾಯವಾಗಿ ಕಂಡಿತು. ಹೆಳವರ ಐತಿಹ್ಯವೇ ಬೇರೆ: ಕಾಲಿಲ್ಲದ ಭಕ್ತನಿಗೆ ಬಸವಣ್ಣ ಎತ್ತು ಕೊಟ್ಟು, ಮನೆಮನೆಯ ಪೂರ್ವಿಕರನ್ನು ಹೊಗಳಿ ಬದುಕು ಎಂದನಂತೆ. ತೆಲುಗು ನಾಡಿನಲ್ಲಿ ಇದೇ ಕಸುಬಿನ ಪಿಚ್ಚಿಗುಂಟ್ಲರಿದ್ದಾರೆ. ಅವರ ಕಥೆಯಲ್ಲೂ ಒಬ್ಬ ಕುಂಟ ಬರುತ್ತಾನೆ, ಆದರೆ ಅಲ್ಲಿ ಅವನನ್ನು ಸಾಕುವ ಹೊಣೆ ಹೊರುವವರು ಒಡಹುಟ್ಟಿದವರು. ಎರಡು ಭಾಷೆ, ಎರಡು ಕಥೆ, ಕಾಲಿಲ್ಲದವನೊಬ್ಬನೇ ಸಮಾನ. ಯಾಕಿರಬಹುದು? ಉಳಲಾರದವನು ಹೊಲದಲ್ಲಿ ಪಾಲು ಕೇಳುವುದಿಲ್ಲ. ಪಾಲು ಕೇಳದವನ ಬಾಯಲ್ಲಿ ವಂಶಾವಳಿ ಕೇಳಲು ಯಾರಿಗೂ ಅಂಜಿಕೆಯಿಲ್ಲ. ಇದು ಬರೀ ನನ್ನ ಊಹೆ, ಪಂಡಿತರು ಒಪ್ಪಬೇಕೆಂದಿಲ್ಲ. ಬೈಕ್ ಓಡಿಸುವ ಕಾಲಿಗೆ ಕಂಬಳಿ ಯಾಕೆಂದು ಹೆಳವಪ್ಪನನ್ನೇ ಕೇಳಿದೆ. "ಹಿರ್ಯಾರು ಹೊದ್ದಿದ್ರು, ನಾವೂ ಹೊದಕೋತೀವ್ರಿ. ಕಂಬಳಿ ಇಲ್ಲದ ಓದಿದ್ರ ಮಂದಿ ಕಾಳು ಹಾಕೂದಿಲ್ಲ" ಎಂದು ನಕ್ಕರು. ಊಹೆಯನ್ನು ಅಲ್ಲಿಗೇ ಮಡಚಿಟ್ಟೆ.

ಕಾಸು ಕೊಟ್ಟು ಮನೆತನದ ಕಥೆ ಬರೆಸುವ ಚಾಳಿ ಈಗ ಬೆಂಗಳೂರಿನಲ್ಲೂ ಬೆಳೆದಿದೆ. ಸಹಸ್ರಚಂದ್ರ ದರ್ಶನಕ್ಕೆ ಹೋದರೆ ತಾಂಬೂಲದ ಜೊತೆ ಆರ್ಟ್ ಪೇಪರಿನ ಪುಸ್ತಕವೂ ಕೈಗೆ ಬರುತ್ತದೆ. ವೃತ್ತಿಪರ ಬರಹಗಾರರೊಬ್ಬರು ಅಜ್ಜನ ಮುಂದೆ ರೆಕಾರ್ಡರ್ ಇಟ್ಟುಕೊಂಡು ಕೂತು, ಫೋಟೊ ಸೇರಿಸಿ, ಚೆಂದಗೆ ಬರೆದುಕೊಟ್ಟಿರುತ್ತಾರೆ. ಅಂಥ ಕೆಲವು ನನ್ನ ಕಪಾಟಿನಲ್ಲಿವೆ. ಅವುಗಳಲ್ಲಿನ ಅಜ್ಜಂದಿರೆಲ್ಲ ಬಡತನದಲ್ಲಿ ಬೀದಿದೀಪದ ಕೆಳಗೆ ಓದಿದವರು, ಯಾರ ಮನಸ್ಸನ್ನೂ ನೋಯಿಸದವರು. ಪಾಲಾದದ್ದು, ಮಾತು ಬಿಟ್ಟದ್ದು, ಒಡವೆ ಅಡವಿಟ್ಟದ್ದು ಒಂದರಲ್ಲೂ ಇಲ್ಲ. ಬರೆದವರನ್ನು ದೂರುವಂತಿಲ್ಲ. ಅವರು ನಾಳೆ ದಾಯಾದಿಯ ಮನೆಗೆ ಹೋಗಿ ಅದೇ ಪುಸ್ತಕ ಓದಬೇಕಾಗಿಲ್ಲವಲ್ಲ!

ಒಬ್ಬನೇ ಕೇಳುಗನಿದ್ದರೆ ಏನಾದೀತು ಎಂಬುದಕ್ಕೆ ಜಗತ್ಪ್ರಸಿದ್ಧ ಉದಾಹರಣೆಯೇ ಇದೆ. ಅಮೆರಿಕದ ಅಲೆಕ್ಸ್ ಹೇಲಿ ಗುಲಾಮನಾಗಿ ಬಂದ ಪೂರ್ವಿಕನನ್ನು ಹುಡುಕಿಕೊಂಡು 1967ರಲ್ಲಿ ಆಫ್ರಿಕದ ಗಾಂಬಿಯಾಕ್ಕೆ ಹೋದ. ಜುಫುರೆ ಎಂಬ ಹಳ್ಳಿಯಲ್ಲಿ ಮುದುಕನೊಬ್ಬ ವಂಶಾವಳಿ ಹೇಳುತ್ತ ಹೇಳುತ್ತ ಹೇಲಿ ಕೇಳಬಯಸಿದ್ದ ಕುಂಟಾ ಕಿಂಟೆಯ ಹೆಸರಿಗೇ ಬಂದು ನಿಂತ. 'ರೂಟ್ಸ್' 1976ರಲ್ಲಿ ಪ್ರಕಟವಾಗಿ ಲೋಕವನ್ನೇ ಅಳಿಸಿತು. ಮರುವರ್ಷ ಮಾರ್ಕ್ ಒಟ್ಟವೇ ಎಂಬ ಬ್ರಿಟಿಷ್ ಪತ್ರಕರ್ತ ಅಲ್ಲಿಗೆ ಹೋಗಿ ವಿಚಾರಿಸಿದರೆ, ಮುದುಕ ಪರಂಪರೆಯ ವಂಶಾವಳಿಗಾರನೇ ಅಲ್ಲ. ಹೇಲಿಗೆ ಬೇಕಾದ ಕಥೆ ಯಾವುದೆಂದು ಊರಿಗೆ ಮೊದಲೇ ಗೊತ್ತಿತ್ತು. 'ರೂಟ್ಸ್' ಓದಿ ನಾನೂ ಕರಗಿದವನೇ. ಆದರೂ ವಂಶಾವಳಿಯ ಮಟ್ಟಿಗೆ ನನ್ನ ನಂಬಿಕೆ ಬೀಳಗಿಯ ಕಟ್ಟೆಯ ಕಡೆಗೆ.

ಹರಿದ್ವಾರದ ಪಂಡಾಗಳ ವಹಿಗಳಲ್ಲಿ ಇನ್ನೊಂದು ಬಗೆಯ ಕಾವಲಿದೆ. ಯಾತ್ರಿಕ ತನ್ನ ಕುಟುಂಬದ ವಿವರ ಬರೆಸಿ ಕೆಳಗೆ ತಾನೇ ಸಹಿ ಹಾಕುತ್ತಾನೆ. ಮುಂದೆ ಮೊಮ್ಮಗ ಹೋದಾಗ ಅಜ್ಜನ ಕೈಬರಹವೇ ಸಿಗುತ್ತದೆ. ಅಮೆರಿಕದ ಯೂಟಾದ ವಂಶಾವಳಿ ಸಂಘ ಈ ವಹಿಗಳನ್ನು ಮೈಕ್ರೋಫಿಲ್ಮ್‌ಗೆ ಇಳಿಸಿದ್ದು ಸುಮ್ಮನೆ ಅಲ್ಲ.

ವಂಶಾವಳಿಗೆ ಕಾವಲು ಬೇಕೆಂಬುದು ನಮ್ಮ ಕಾನೂನಿಗೂ ಗೊತ್ತು. 1872ರ ಸಾಕ್ಷ್ಯ ಕಾಯ್ದೆಯ 32ನೇ ಕಲಮಿನ ಪ್ರಕಾರ, ರಕ್ತ, ಮದುವೆ ಅಥವಾ ದತ್ತಕದ ಸಂಬಂಧವನ್ನು ತಿಳಿಯಲು ವಿಶೇಷ ಅವಕಾಶವಿದ್ದವರು ಹೇಳಿಟ್ಟದ್ದು, ಬರೆದಿಟ್ಟದ್ದು ಅವರು ಸತ್ತ ಮೇಲೂ ಸಾಕ್ಷ್ಯವಾಗಬಲ್ಲದು. ಆದರೆ ತಕರಾರು ಹುಟ್ಟುವ ಮೊದಲೇ ಹೇಳಿರಬೇಕು, ಬರೆದಿರಬೇಕು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದರೂ ಈ ತತ್ವ ಉಳಿದಿದೆ. ಜಗಳ ಶುರುವಾದ ಮೇಲೆ ವಂಶವೃಕ್ಷದ ಕೊಂಬೆಗಳು ಎಷ್ಟು ಬೇಗ ಉದುರುತ್ತವೆ ಎಂಬುದು ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು.

ಗೆಳೆಯನ ಮನೆಯಲ್ಲಿ ಆ ದಿನ ದಾಯಾದಿಗಳ ಕವಲನ್ನು ಪೂರ್ತಿ ಓದಿದ್ದಾಯಿತು. ಗೌಡರು ಮುಖ ತಿರುಗಿಸಿ ಕೂತಿದ್ದರು, ಎದ್ದು ಮಾತ್ರ ಹೋಗಲಿಲ್ಲ. ಕೊನೆಗೆ ಒಂದು ಚೀಲ ಜೋಳ, ಹೊಸ ಪಟಕ, ಸ್ವಲ್ಪ ದುಡ್ಡು ಕೊಟ್ಟು, ಬೆಂಗಳೂರಿನಲ್ಲಿ ಹುಟ್ಟಿದ ಮೊಮ್ಮಗಳ ಹೆಸರನ್ನೂ ಬರೆಸಿದರು. ಹೆಳವಪ್ಪನ ಮಗ ಪುಣೆಯಲ್ಲಿ ಕೆಲಸಕ್ಕಿದ್ದಾನಂತೆ. ಪುಸ್ತಕ ಓದುವುದು ಅವನಿಗೆ ಬರುತ್ತದೆ, ಊರೂರು ತಿರುಗುವ ಮನಸ್ಸಿಲ್ಲ.

ನಿಮ್ಮ ಮನೆತನಕ್ಕೆ ಹೆಳವರಿದ್ದರೆ ಬಾಗಿಲಿಗೆ ಬಂದವರನ್ನು ಕಾಳು ಹಾಕಿ ಸಾಗಹಾಕಬೇಡಿ; ಕೂರಿಸಿ ಓದಿಸಿ, ಅವರು ಒಪ್ಪಿದರೆ ಪುಟಗಳ ಫೋಟೊ ತೆಗೆದಿಟ್ಟುಕೊಳ್ಳಿ. ಹೆಳವರಿಲ್ಲದವರು ಬರಹಗಾರರನ್ನು ಗೊತ್ತುಮಾಡುವುದಾದರೆ ಧಾರಾಳವಾಗಿ ಮಾಡಿ. ಸಂಭಾವನೆಯ ಅರ್ಧ ಮುಂಗಡ ಕೊಟ್ಟು, ಮೊದಲು ನಿಮ್ಮೊಂದಿಗೆ ಮಾತು ಬಿಟ್ಟ ಚಿಕ್ಕಪ್ಪನ ಮನೆಗೆ ಕಳಿಸಿ.