ಕುಡಿತ ಬಿಡುವವರ ಸಂಜೆಯ ಸಭೆ

ಮದ್ಯವ್ಯಸನಕ್ಕೆ ಔಷಧವಿದೆ, ಆಪ್ತಸಮಾಲೋಚನೆ ಇದೆ. ಇವೆರಡರ ಜೊತೆಗೆ ನಿಲ್ಲುವ ಇನ್ನೊಂದು ಆಸರೆ ಸ್ವಸಹಾಯ ಸಭೆ. ಕುಡಿತ ಬಿಟ್ಟು ವರ್ಷಗಳಾದವರು, ನಿನ್ನೆಯಷ್ಟೇ ಬಿಟ್ಟವರು, ಬಿಡಬೇಕೆಂದು ಒದ್ದಾಡುತ್ತಿರುವವರು ಒಂದೇ ಕೋಣೆಯಲ್ಲಿ ಕೂತು ಮಾತಾಡುತ್ತಾರೆ. ಇಂಥ ಸಭೆಗಳಲ್ಲಿ ಹೆಚ್ಚು ಪರಿಚಿತವಾದದ್ದು ಆಲ್ಕೊಹಾಲಿಕ್ಸ್ ಅನಾನಿಮಸ್, ಜನರ ಬಾಯಲ್ಲಿ ‘ಎಎ’. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಷೇರುಪೇಟೆಯ ಬಿಲ್ ವಿಲ್ಸನ್ ಮತ್ತು ಶಸ್ತ್ರವೈದ್ಯ ಬಾಬ್ ಸ್ಮಿತ್, ಇಬ್ಬರು ಕುಡುಕರು, ಒಬ್ಬರಿಗೊಬ್ಬರು ಆಸರೆಯಾದದ್ದರಿಂದ ಅದು ಹುಟ್ಟಿತು. 1957ರಲ್ಲಿ ಭಾರತಕ್ಕೂ ಬಂತು.

ಕರ್ನಾಟಕಕ್ಕೆ ಈ ರೀತಿ ಹೊಸದಲ್ಲ. ಶ್ರೀ ಕ್ಷೇತ್ರ ಧರ್ಮಸ್ಥಳದ ಆಶ್ರಯದಲ್ಲಿ ಹಳ್ಳಿ ಪಟ್ಟಣಗಳಲ್ಲಿ ಮದ್ಯವರ್ಜನ ಶಿಬಿರಗಳು ನಡೆಯುತ್ತವೆ. ಶಿಬಿರ ಮುಗಿಸಿದವರು ‘ನವಜೀವನ ಸಮಿತಿ’ಯ ಸದಸ್ಯರಾಗಿ ಆಮೇಲೂ ಸೇರುತ್ತಿರುತ್ತಾರೆ. ಶಿಬಿರದಲ್ಲಿ ಬಿಟ್ಟದ್ದು ಮನೆಗೆ ಬಂದ ಮೇಲೂ ಉಳಿಯಬೇಕಾದರೆ ಇಂಥ ಕೂಟ ಬೇಕು. ದೇವರ ಮುಂದೆ ಆಣೆ ಹಾಕಿಸಿ ಬಿಡಿಸಲು ನೋಡಿದ ಮನೆಗಳಿಗೆಲ್ಲ ಇದು ಗೊತ್ತು: ಆಣೆಯ ದಿನ ಕಳೆಯುತ್ತದೆ, ಮಾರನೆಯ ಸಂಜೆ ಬರುತ್ತದೆ.

ಸಭೆಗೆ ಹೋಗುವ ಮೊದಲು ಒಂದು ಎಚ್ಚರ ಅಗತ್ಯ. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನದಲ್ಲೇ ಕೈನಡುಕ, ಬೆವರು, ವಾಂತಿ ಶುರುವಾಗಬಹುದು. ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರನೆಯ ದಿನ ಇಲ್ಲದ್ದು ಕಾಣುವುದು, ದಿಕ್ಕುತಪ್ಪಿದಂತೆ ಆಡುವುದು ಶುರುವಾದರೆ ಅದು ಪ್ರಾಣಕ್ಕೇ ಅಪಾಯ. ಇಂಥವರು ವೈದ್ಯರ ಕಣ್ಗಾವಲಿನಲ್ಲೇ ಬಿಡಬೇಕು. ಬೆಂಗಳೂರಿನಲ್ಲಾದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಯಶವಂತಪುರ, ಹೆಬ್ಬಾಳದ ಕಡೆಯವರಿಗೆ ಮತ್ತಿಕೆರೆ ಪಕ್ಕದ ರಾಮಯ್ಯ ಆಸ್ಪತ್ರೆಯ ಮನೋವೈದ್ಯ ವಿಭಾಗ ಹತ್ತಿರ. ಸಭೆ ಔಷಧದ ಬದಲಿಯಲ್ಲ. ವೈದ್ಯರು ಕೊಟ್ಟ ಮಾತ್ರೆಯನ್ನು ಸಭೆಯಲ್ಲಿ ಯಾರೋ ಹೇಳಿದರೆಂದು ನಿಲ್ಲಿಸಕೂಡದು.

ಸಭೆ ಎಲ್ಲಿದೆ ಎಂದು ತಿಳಿಯಲು ಎಎಯ ಭಾರತ ಕಚೇರಿಯ ಜಾಲತಾಣ ನೋಡಬಹುದು, ಆಸ್ಪತ್ರೆಯ ಆಪ್ತಸಮಾಲೋಚಕರನ್ನೂ ಕೇಳಬಹುದು. ಸಭೆಗಳು ಹೆಚ್ಚಾಗಿ ಚರ್ಚಿನ ಆವರಣ, ಶಾಲೆಯ ಕೋಣೆಯಂಥ ಕಡೆ ನಡೆಯುತ್ತವೆ. ಜಾಗ ಚರ್ಚಿನದಾದರೂ ಸಭೆ ಯಾವ ಧರ್ಮಕ್ಕೂ ಸೇರಿದ್ದಲ್ಲ. ದಿನ, ವೇಳೆ, ಜಾಗ ಬದಲಾಗುವುದುಂಟು, ಆದ್ದರಿಂದ ಹೊರಡುವ ಮೊದಲು ಫೋನ್ ಮಾಡಿ ಖಚಿತಪಡಿಸಿಕೊಳ್ಳಬೇಕು. ಸಭೆ ಯಾವ ಭಾಷೆಯದೆಂದೂ ಆಗಲೇ ಕೇಳುವುದು ಒಳ್ಳೆಯದು. ಮನಸ್ಸಿನ ನೋವು ಹೇಳಿಕೊಳ್ಳಲು ಬಾಯಿಗೆ ಬರುವ ಭಾಷೆಯೇ ಬೇಕು.

ಯಾವ ಬಡಾವಣೆಯ ಸಭೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಯಲಹಂಕದವರಿಗೆ ಯಲಹಂಕದಲ್ಲೇ ಹೋಗಲು ಅಳುಕು: ಪಕ್ಕದ ಮನೆಯವರು ನೋಡಿದರೆ? ಫ್ಯಾಕ್ಟರಿಯ ಸಹೋದ್ಯೋಗಿ ಎದುರಾದರೆ? ಹಾಗೆಂದು ದೂರದ ಜಯನಗರದ ಸಭೆ ಹಿಡಿದರೆ ದಾರಿಯುದ್ದದ ಟ್ರಾಫಿಕ್ಕೇ ಒಂದು ನೆಪವಾಗಿ, ಮೂರನೆಯ ವಾರಕ್ಕೆ ಹೋಗುವುದು ನಿಂತೀತು. ಮನೆ ಯಲಹಂಕದಲ್ಲಿದ್ದರೆ ಸಭೆ ಆರ್.ಟಿ. ನಗರದಲ್ಲಿ, ಮನೆ ಆರ್.ಟಿ. ನಗರದಲ್ಲಿದ್ದರೆ ಸಭೆ ಯಶವಂತಪುರದಲ್ಲಿ, ಹೀಗೆ ತೀರಾ ದೂರವಲ್ಲದ ಬೇರೊಂದು ಬಡಾವಣೆ ಆರಿಸಿಕೊಂಡರೆ ಅಳುಕೂ ಕಡಿಮೆ, ಪ್ರಯಾಣವೂ ಹೆಚ್ಚಲ್ಲ. ಎದುರಾದ ಸಹೋದ್ಯೋಗಿಯೂ ಅದೇ ಕಾರಣಕ್ಕೆ ಬಂದಿರುತ್ತಾನೆ ಎಂಬುದನ್ನು ಮರೆಯಬಾರದು.

ಒಳಗೆ ಏನಾಗುತ್ತದೆ? ಪ್ಲಾಸ್ಟಿಕ್ ಕುರ್ಚಿಗಳು, ಒಂದು ಮೇಜು, ಹಲವೆಡೆ ಟೀ. ಸಭೆ ನಡೆಸುವವರೂ ಸದಸ್ಯರೇ. ಎಎ ಎಂದರೇನು ಎಂಬ ಪುಟ್ಟ ಪೀಠಿಕೆ ಓದುತ್ತಾರೆ. ಆಮೇಲೆ ಒಬ್ಬೊಬ್ಬರು ಬರೀ ಹೆಸರು ಹೇಳಿ, ತಾನು ಮದ್ಯವ್ಯಸನಿ ಎಂದು ಒಪ್ಪಿಕೊಂಡು, ಕಳೆದ ದಿನಗಳ ಕಥೆ ಹೇಳುತ್ತಾರೆ. ಸಂಬಳದ ದಿನ ಬಾರ್ ಮುಂದೆ ನಿಂತದ್ದು, ಮಗಳ ಮದುವೆಯಲ್ಲಿ ಮಾನ ಕಳೆದುಕೊಂಡದ್ದು, ಇಂದು ಕುಡಿಯದೆ ಮನೆಗೆ ಹೋಗಲಿರುವುದು. ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿವಾದ ಹೇಳುವುದಿಲ್ಲ. ಹೊಸಬರು ಸುಮ್ಮನೆ ಕೇಳಿಸಿಕೊಂಡು ಬರಬಹುದು. ಅರ್ಜಿ ಇಲ್ಲ, ಶುಲ್ಕ ಇಲ್ಲ. ಖರ್ಚಿಗೆಂದು ಬರುವ ಚೀಲಕ್ಕೆ ಇಷ್ಟವಿದ್ದವರು ಹಾಕುತ್ತಾರೆ. ಸದಸ್ಯನಾಗಲು ಕುಡಿತ ಬಿಡುವ ಆಸೆಯೊಂದೇ ಸಾಕು. ಅಲ್ಲಿ ಕಂಡದ್ದು, ಕೇಳಿದ್ದು ಹೊರಗೆ ಹೋಗಬಾರದೆಂಬುದು ಕಟ್ಟುನಿಟ್ಟು.

ಸಭೆಗಳು ಸಾಮಾನ್ಯವಾಗಿ ಸಂಜೆ ಇರುತ್ತವೆ. ಕುಡಿಯುವ ಹಂಬಲ ಹೆಚ್ಚಾಗಿ ಕಾಡುವುದೂ ಆಗಲೇ, ಹಾಗಾಗಿ ಆ ಒಂದು ಗಂಟೆಗೆ ಬೆಲೆ ಬಹಳ. ಮೊದಲ ಸಭೆ ಹಿಡಿಸದಿದ್ದರೆ ಬೇರೊಂದು ಗುಂಪಿಗೆ ಹೋಗಿ ನೋಡಬೇಕು, ಯಾಕೆಂದರೆ ಒಂದೊಂದು ಗುಂಪಿನ ಹದ ಒಂದೊಂದು. ಕೆಲವು ವಾರಗಳಾದ ಮೇಲೆ ಹಳಬರೊಬ್ಬರನ್ನು ಸ್ಪಾನ್ಸರ್ ಆಗಿ ಕೇಳಿಕೊಳ್ಳಬಹುದು. ಕುಡಿಯಬೇಕೆನಿಸಿದಾಗ ಫೋನ್ ಮಾಡುವುದು ಅವರಿಗೇ. ನಡುವೆ ಒಮ್ಮೆ ಜಾರಿದವರನ್ನು ಹೊರಗೆ ಹಾಕುವುದಿಲ್ಲ, ಅವರು ನಾಚಿಕೆ ಬಿಟ್ಟು ಮತ್ತೆ ಬರಬೇಕು. 27 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2020ರ ಕೊಕ್ರೇನ್ ವಿಮರ್ಶೆ, ಕುಡಿತದಿಂದ ಪೂರ್ತಿ ದೂರ ಉಳಿಯುವ ವಿಷಯದಲ್ಲಿ ಎಎ ಮತ್ತು ಅದರತ್ತ ಕರೆದೊಯ್ಯುವ ಕ್ರಮಬದ್ಧ ಚಿಕಿತ್ಸೆ ಇತರ ಪ್ರಮುಖ ಚಿಕಿತ್ಸೆಗಳಿಗಿಂತ ಮೇಲು ಎಂದು ಕಂಡುಕೊಂಡಿತು.

ಕುಡಿಯುವವರ ಹೆಂಡತಿ, ಗಂಡ, ತಂದೆತಾಯಿಗೆ ಆಲ್-ಅನಾನ್ ಎಂಬ ಪ್ರತ್ಯೇಕ ಸಭೆಗಳಿವೆ. ಕುಡಿಯುವವರು ಬರಲು ಒಪ್ಪದಿದ್ದರೂ ಮನೆಯವರು ಹೋಗಬಹುದು. ಎಎಯ ‘ಮುಕ್ತ ಸಭೆ’ಗಳಿಗೂ ಮನೆಯವರು ಜೊತೆಗೆ ಬರಬಹುದು.

ಎಲ್ಲಿಂದ ಶುರುಮಾಡುವುದೆಂದು ತೋಚದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕು. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ಕರೆಗೆ ಹಣವಿಲ್ಲ.