ಹದಿನೆಂಟರ ‘ಹಿರಿಯರು’

ನವೆಂಬರ್ ತಿಂಗಳ ಸ್ಟಾಕ್‌ಹೋಮ್. ಮಧ್ಯಾಹ್ನ ಮೂರೂವರೆಗೇ ಬೀದಿ ದೀಪಗಳು ಹೊತ್ತಿಕೊಂಡಿವೆ. ಅಪಾರ್ಟ್‌ಮೆಂಟೊಂದರ ಮೂರನೇ ಮಹಡಿಯಲ್ಲಿ ಇಬ್ಬರು ಹುಡುಗರು ಕರೆಗಂಟೆ ಒತ್ತಿ ನಿಂತಿದ್ದಾರೆ. ಬಿಳಿ ಅಂಗಿ, ಟೈ, ಮೇಲೊಂದು ದಪ್ಪ ಕೋಟು, ಎದೆಯ ಮೇಲೆ ಕಪ್ಪು ಹೆಸರಪಟ್ಟಿ. ಮುಖದಲ್ಲಿ ಮೀಸೆಯಿನ್ನೂ ನೆಟ್ಟಗೆ ಮೂಡಿಲ್ಲ, ಹೆಸರಪಟ್ಟಿಯಲ್ಲಿ ಮಾತ್ರ ಹೆಸರಿನ ಮುಂದೆ ‘ಎಲ್ಡ್‌ಸ್ಟೆ’ ಎಂದಿದೆ. ಕನ್ನಡದಲ್ಲಿ ಹೇಳುವುದಾದರೆ, ‘ಹಿರಿಯ’.

ಬಾಗಿಲು ತೆರೆಯದಿರುವುದೇ ಹೆಚ್ಚು. ತೆರೆದರೂ ‘ಬೇಡ, ಥ್ಯಾಂಕ್ಸ್’ ಎಂಬ ಎರಡು ಮಾತಿಗೆ ಮುಚ್ಚಿಕೊಳ್ಳುತ್ತದೆ. ಅಪರೂಪಕ್ಕೆ ಒಬ್ಬ ಅಜ್ಜಿ ಒಳಗೆ ಕರೆದು ಕೂರಿಸಿ ಕಾಫಿಗೆ ನೀರಿಟ್ಟರೆ ಹುಡುಗರ ಫಜೀತಿ ಶುರು. ಅವರ ಪಂಥದಲ್ಲಿ ಕಾಫಿ ನಿಷಿದ್ಧ. ಚಹಾ, ತಂಬಾಕು, ಮದ್ಯವೂ ಅಷ್ಟೇ. ಜಗತ್ತಿನಲ್ಲೇ ಅತಿ ಹೆಚ್ಚು ಕಾಫಿ ಕುಡಿಯುವ ನಾಡುಗಳಲ್ಲಿ ಸ್ವೀಡನ್ ಒಂದು. ಕಾಫಿ, ಜೊತೆಗೊಂದು ಸಿಹಿ ಬನ್ನು, ಒಂದಿಷ್ಟು ಹರಟೆ, ಇಷ್ಟೂ ಸೇರಿದ ಹೊತ್ತಿಗೆ ಅಲ್ಲಿ ‘ಫೀಕಾ’ ಎಂಬ ಹೆಸರೇ ಇದೆ. ಚಿಕ್ಕಮಗಳೂರಿನಲ್ಲಿ ಕಾಫಿ ಬೇಡವೆಂದರೆ ಹೇಗೋ ಇಲ್ಲಿಯೂ ಹಾಗೆ. ಧರ್ಮದ ಮಾತು ತೆಗೆಯುವ ಮೊದಲೇ ಆತಿಥೇಯರ ಮನಸ್ಸು ನೋಯಿಸಿದಂತೆ. ನೀರು ಸಾಕು ಎನ್ನುವುದನ್ನು ನೋವಾಗದಂತೆ ಸ್ವೀಡಿಷ್‌ನಲ್ಲಿ ಹೇಳಲು ಈ ಹುಡುಗರು ಬಹಳ ಬೇಗ ಕಲಿಯುತ್ತಾರೆ.

ಲೋಕ ಇವರನ್ನು ಮಾರ್ಮನ್ನರು ಎನ್ನುತ್ತದೆ. ಸಂಸ್ಥೆಯ ಪೂರ್ತಿ ಹೆಸರು ‘ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಸ್ಥಾಪಿಸಿದ ಈ ಪಂಥಕ್ಕೆ ಬೈಬಲಿನ ಜೊತೆಗೆ ‘ಬುಕ್ ಆಫ್ ಮಾರ್ಮನ್’ ಎಂಬ ಇನ್ನೊಂದು ಧರ್ಮಗ್ರಂಥವುಂಟು. ಇದರ ಕೇಂದ್ರ ಇರುವುದು ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ. ಬೆಂಗಳೂರಿಗೂ ಇವರು ಹೊಸಬರಲ್ಲ. 2018ರಲ್ಲಿ ಇಲ್ಲಿ ಮಂದಿರ ಕಟ್ಟುವುದಾಗಿ ಘೋಷಿಸಿ, 2020ರ ಡಿಸೆಂಬರಿನಲ್ಲಿ ಭೂಮಿಪೂಜೆಯಂಥದ್ದನ್ನೂ ಮಾಡಿದ್ದಾರೆ.

ಈ ಸಂಸ್ಥೆಯಲ್ಲಿ ಕುತೂಹಲ ಹುಟ್ಟಿಸುವುದು ಹುಡುಗರನ್ನು ಪರದೇಶಕ್ಕೆ ಕಳಿಸುವ ಕ್ರಮ. ನಮ್ಮಲ್ಲಿ ಸಿಇಟಿ ರ್‍ಯಾಂಕಿಗಾಗಿ ಕಾದು ಕೂರುವ ವಯಸ್ಸಿನಲ್ಲಿ ಅಲ್ಲಿನ ಹುಡುಗ ಅರ್ಜಿ ತುಂಬಿ ಒಂದು ಪತ್ರಕ್ಕೆ ಕಾಯುತ್ತಾನೆ. ಎಲ್ಲಿಗೆ ಹೋಗಬೇಕೆಂದು ಆರಿಸಿಕೊಳ್ಳುವ ಹಕ್ಕು ಅವನದಲ್ಲ. ದೊಡ್ಡ ಬಿಳಿ ಲಕೋಟೆ ಅಂಚೆಯಲ್ಲಿ ಬಂದ ದಿನ ಮನೆಮಂದಿಯೆಲ್ಲ ಸುತ್ತ ನೆರೆದು, ಅವನು ಗಟ್ಟಿಯಾಗಿ ಓದುವುದು ವಾಡಿಕೆಯಾಗಿತ್ತು. ಈಗ ಪತ್ರ ಫೋನಿಗೇ ಬರುತ್ತದೆ, ನೆರೆಯುವುದು ಮಾತ್ರ ನಿಂತಿಲ್ಲ. ಬ್ರೆಜಿಲ್ ಇರಬಹುದು, ಫಿಲಿಪ್ಪೀನ್ಸ್ ಇರಬಹುದು, ಓಸ್ಲೊ ಇರಬಹುದು. 2012ರಲ್ಲಿ ಹೊರಡುವ ವಯಸ್ಸನ್ನು ಹುಡುಗರಿಗೆ 19ರಿಂದ 18ಕ್ಕೆ, ಹುಡುಗಿಯರಿಗೆ 21ರಿಂದ 19ಕ್ಕೆ ಇಳಿಸಿದರು. ಗಂಡಿಗೆ ಎರಡು ವರ್ಷ, ಹೆಣ್ಣಿಗೆ ಒಂದೂವರೆ. ಸಂಬಳವಿಲ್ಲ. ಬದಲಿಗೆ ಅಮೆರಿಕದ ಮನೆಯವರೇ ತಿಂಗಳಿಗೆ ಇಷ್ಟೆಂದು ಕಟ್ಟಬೇಕು. 2020ರಲ್ಲಿ ಅದು 400 ಡಾಲರಿನಿಂದ 500ಕ್ಕೆ ಏರಿತು. ಮಗ ದುಬಾರಿ ಓಸ್ಲೊದಲ್ಲಿರಲಿ, ಅಗ್ಗದ ಊರಿನಲ್ಲಿರಲಿ, ದರ ಒಂದೇ.

ಪ್ರೊವೊ ಎಂಬ ಊರಿನ ತರಬೇತಿ ಕೇಂದ್ರದಲ್ಲಿ ಕೆಲವು ವಾರ ಭಾಷೆ ಕಲಿಸಿ ವಿಮಾನ ಹತ್ತಿಸುತ್ತಾರೆ. ಇಳಿದ ಮೇಲೆ ಗೊತ್ತಾಗುತ್ತದೆ, ಕಲಿತದ್ದು ಅಂಗನವಾಡಿಯಷ್ಟೇ ಎಂದು. ಡೇನಿಷ್ ಬರೆದಂತೆ ಓದುವ ಭಾಷೆಯಲ್ಲ. ಅರ್ಧ ಅಕ್ಷರಗಳನ್ನು ಗಂಟಲು ನುಂಗಿಬಿಡುತ್ತದೆ. ನಾರ್ವೆಯಲ್ಲಿ ಕಣಿವೆಗೊಂದು ಮಾತಿನ ಧಾಟಿ. ಸ್ವೀಡನ್ನಿನದು ಬೇರೆಯೇ ಸೋಜಿಗ. 1960ರ ದಶಕದ ಕೊನೆಯಿಂದೀಚೆಗೆ ಅಲ್ಲಿ ಬಹುವಚನದ ಮರ್ಯಾದೆ ಹೆಚ್ಚುಕಡಿಮೆ ಮಾಯವಾಗಿ, ಎಲ್ಲರಿಗೂ ಎಲ್ಲರೂ ‘ನೀನು’. ಎಂಬತ್ತರ ಅಜ್ಜನನ್ನು ಏಕವಚನದಲ್ಲಿ ಮಾತಾಡಿಸುವ ಹದಿನೆಂಟರ ಹುಡುಗನ ಎದೆಯ ಮೇಲೆ ‘ಹಿರಿಯ’ ಎಂದು ಬರೆದಿರುತ್ತದೆ. ನಮ್ಮಂಥವರಿಗೆ ನಾಲಗೆ ಹೊರಳದ ಸಂಗತಿ.

ದಿನಚರಿ ಮಠದ ವಟುಗಳದನ್ನು ನೆನಪಿಸುತ್ತದೆ. ಬೆಳಿಗ್ಗೆ ಆರೂವರೆಗೆ ಏಳಬೇಕು, ರಾತ್ರಿ ಹತ್ತೂವರೆಗೆ ದೀಪ ಆರಬೇಕು. ಸಿನಿಮಾ ಇಲ್ಲ, ಪ್ರೇಮವಂತೂ ಇಲ್ಲವೇ ಇಲ್ಲ. ಸ್ನಾನದ ಮನೆ ಬಿಟ್ಟರೆ ಒಬ್ಬನೇ ಎಲ್ಲಿಯೂ ಇರುವಂತಿಲ್ಲ, ಜೊತೆಗಾರ ಸದಾ ಕಣ್ಣಳತೆಯಲ್ಲಿರಬೇಕು. ಆ ಜೊತೆಗಾರನನ್ನೂ ಮೇಲಿನವರೇ ಗೊತ್ತು ಮಾಡುತ್ತಾರೆ, ಕೆಲವು ವಾರಗಳಿಗೊಮ್ಮೆ ಬದಲಿಸುತ್ತಾರೆ. ಗೊರಕೆ ಹೊಡೆಯುವವನೇ ಸಿಕ್ಕರೂ ಸಹಿಸಬೇಕು. ಮನೆಗೆ ಫೋನ್ ಮಾಡಲು ಬಹುಕಾಲ ಇದ್ದದ್ದು ವರ್ಷಕ್ಕೆ ಎರಡೇ ದಿನ, ಕ್ರಿಸ್‌ಮಸ್ ಮತ್ತು ಅಮ್ಮಂದಿರ ದಿನ. ವಾರಕ್ಕೊಮ್ಮೆ ಮಾತಾಡಬಹುದು ಎಂಬ ಅನುಮತಿ ಬಂದದ್ದು 2019ರಲ್ಲಿ. ನಾರ್ವೆಯ ಉತ್ತರದ ತ್ರೋಮ್ಸೊಕ್ಕೆ ಹೋದವನಿಗೆ ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಸೂರ್ಯ ಮೇಲೇರುವುದೇ ಇಲ್ಲ, ಬೇಸಿಗೆಯಲ್ಲಿ ಮುಳುಗುವುದೇ ಇಲ್ಲ. ಬೆಳಕಿದ್ದರೂ ಹತ್ತೂವರೆಗೆ ಮಲಗಬೇಕು, ಕತ್ತಲಿದ್ದರೂ ಆರೂವರೆಗೆ ಏಳಬೇಕು.

ಇಷ್ಟೆಲ್ಲ ಪಟ್ಟ ಪಾಡಿಗೆ ಪ್ರತಿಫಲವೇನು? ಈಗ ಸ್ವೀಡನ್, ನಾರ್ವೆ, ಡೆನ್ಮಾರ್ಕ್ ಮೂರರಲ್ಲೂ ಈ ಚರ್ಚಿನ ಸದಸ್ಯರು ಕೆಲವೇ ಸಾವಿರ. ಅಲ್ಲಿನ ಜನ ಹುಟ್ಟಿನಿಂದ ಲೂಥರನ್ನರು, ನಡೆಯಲ್ಲಿ ಧರ್ಮದ ಗೋಜಿಗೆ ಹೋಗದವರು ಎಂಬ ವಿವರಣೆ ಸಲೀಸಾಗಿ ಸಿಗುತ್ತದೆ. ನನಗೆ ಅದು ಸಾಲದು ಅನ್ನಿಸುತ್ತದೆ. ಈ ಹುಡುಗರು ಬಂದಿರುವುದು ಕಲ್ಲುನೆಲಕ್ಕಲ್ಲ, ಕೊಯ್ಲು ಮುಗಿದ ಗದ್ದೆಗೆ. ನಂಬಿದವರನ್ನೆಲ್ಲ ಹಿಂದೊಮ್ಮೆ ಇದೇ ಚರ್ಚು ಹಡಗು ಹತ್ತಿಸಿ ಒಯ್ದುಬಿಟ್ಟಿದೆ.

ಅದು 1850ರ ಮಾತು. ಹಿಂದಿನ ವರ್ಷವಷ್ಟೇ ಡೆನ್ಮಾರ್ಕಿನ ಹೊಸ ಸಂವಿಧಾನ ಪ್ರಜೆಗಳಿಗೆ ತಮ್ಮಿಷ್ಟದ ಧರ್ಮ ಅನುಸರಿಸುವ ಸ್ವಾತಂತ್ರ್ಯ ಕೊಟ್ಟಿತ್ತು. ಅದೇ ಸಂದಿಯಲ್ಲಿ ಎರಾಸ್ಟಸ್ ಸ್ನೋ ಎಂಬ ಮೂವತ್ತರ ಆಸುಪಾಸಿನ ಧರ್ಮಗುರು ಸಂಗಡಿಗರೊಂದಿಗೆ ಕೋಪನ್‌ಹೇಗನ್ನಿಗೆ ಬಂದಿಳಿದ. ಆಗಿನ ಮಿಷನರಿಗಳು ಎಳೆ ಹುಡುಗರಲ್ಲ, ಬಹುಪಾಲು ಹೆಂಡತಿ ಮಕ್ಕಳನ್ನು ಬಿಟ್ಟು ಬಂದ ಸಂಸಾರಸ್ಥರು. ಆಗಸ್ಟ್ 12ರಂದು ಊರಂಚಿನ ಕಡಲಿನಲ್ಲಿ 15 ಮಂದಿಗೆ ದೀಕ್ಷಾಸ್ನಾನವಾಯಿತು. ಮರುವರ್ಷ ಅವರ ಧರ್ಮಗ್ರಂಥ ಡೇನಿಷ್‌ನಲ್ಲಿ ಅಚ್ಚಾಯಿತು. ಇಂಗ್ಲಿಷ್ ಬಿಟ್ಟರೆ ಅದು ಕಂಡ ಮೊದಲ ಭಾಷೆ ಅದೇ.

ನೆರೆಯ ದೇಶಗಳಲ್ಲಿ ಇಷ್ಟು ಸಲೀಸಿರಲಿಲ್ಲ. ಸ್ವೀಡನ್ನಿನಲ್ಲಿ ರಾಜ್ಯದ ಚರ್ಚಿನ ಹೊರಗೆ ಪ್ರಾರ್ಥನಾ ಸಭೆ ಸೇರುವುದೇ 1726ರ ಕಾಯಿದೆಯಂತೆ ಅಪರಾಧ. ಹುಟ್ಟೂರು ಯೇವ್ಲೆಗೆ ಹೋದ ಸ್ನೋನ ಸಂಗಡಿಗ ಜಾನ್ ಫೋರ್ಸ್‌ಗ್ರೆನ್, ಕ್ಷಯ ಹಿಡಿದು ಮಲಗಿದ್ದ ತಮ್ಮನನ್ನು ಕಂಡು, ಅವನಿಗೆ ದೀಕ್ಷೆ ಕೊಟ್ಟು, ಉಳಿದವರಿಗೆ ಬೋಧಿಸಲು ಹೊರಟಾಗ ಸೆರೆಯಾದ. ಅಧಿಕಾರಿಗಳು ಅಮೆರಿಕದ ಹಡಗು ಹತ್ತಿಸಿ ಗಡಿಪಾರು ಮಾಡಿದರು. ಹಡಗು ಡೆನ್ಮಾರ್ಕಿನ ಹೆಲ್ಸಿಂಗೋರ್‌ನಲ್ಲಿ ನಿಂತಿತು, ಆಸಾಮಿ ಅಲ್ಲೇ ಇಳಿದು ಸ್ನೋನನ್ನು ಸೇರಿಕೊಂಡ. ನಾರ್ವೆಯಲ್ಲಿ ಫ್ರೆಡ್ರಿಕ್‌ಸ್ಟಾಡ್ ಜೈಲು ಇವರಿಗೆ ತವರಿನಂತಾಯಿತು. 1853ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಮಾರ್ಮನ್ನರು ಕ್ರೈಸ್ತರೇ ಅಲ್ಲ, ಹಾಗಾಗಿ ಅನ್ಯಪಂಥದವರಿಗಿರುವ ರಕ್ಷಣೆ ಅವರಿಗಿಲ್ಲ ಎಂದು ತೀರ್ಪಿತ್ತಿತು.

ಆದರೂ ಜನ ಸೇರಿದರು. ಸೇರಿದವರು ‘ಚೀಯೋನ್’ಗೆ, ಅಂದರೆ ಯೂಟಾಕ್ಕೆ, ಬಂದು ನೆಲೆಸಬೇಕೆಂಬುದೇ ಬೋಧನೆಯ ಒಂದು ಭಾಗವಾಗಿತ್ತು. 1852ರ ಡಿಸೆಂಬರಿನಲ್ಲಿ ಇದೇ ಫೋರ್ಸ್‌ಗ್ರೆನ್ 297 ಜನರನ್ನು ಕರೆದುಕೊಂಡು ಕೋಪನ್‌ಹೇಗನ್ ಬಿಟ್ಟ. ಲಿವರ್‌ಪೂಲ್‌ನಿಂದ ಅಟ್ಲಾಂಟಿಕ್ ದಾಟಿ, ನ್ಯೂ ಆರ್ಲಿಯನ್ಸ್‌ನಿಂದ ನದಿ ಹಿಡಿದು, ಅಲ್ಲಿಂದಾಚೆಗೆ ಎತ್ತಿನ ಬಂಡಿ. ಮುಂದಿನ ಅರ್ಧ ಶತಮಾನದಲ್ಲಿ ಹೀಗೆ ಹೋದ ಸ್ಕ್ಯಾಂಡಿನೇವಿಯನ್ನರು ಸುಮಾರು 30 ಸಾವಿರ. ಯೂಟಾದ ಸ್ಯಾನ್‌ಪೀಟ್ ಕಣಿವೆಗೆ ‘ಪುಟ್ಟ ಡೆನ್ಮಾರ್ಕ್’ ಎಂಬ ಅಡ್ಡಹೆಸರೇ ಬಿತ್ತು. ಸಾಲ್ಟ್ ಲೇಕ್ ಸಿಟಿಯಲ್ಲಿ 1876ರಿಂದ 1935ರವರೆಗೆ ‘ಬಿಕೂಬೆನ್’, ಅಂದರೆ ಜೇನುಗೂಡು, ಎಂಬ ಡೇನಿಷ್ ಪತ್ರಿಕೆ ನಡೆಯಿತು. ರಶ್ಮೋರ್ ಬೆಟ್ಟದಲ್ಲಿ ಅಮೆರಿಕದ ನಾಲ್ವರು ಅಧ್ಯಕ್ಷರ ಮುಖ ಕೆತ್ತಿಸಿದ ಗಟ್ಜನ್ ಬೋರ್ಗ್ಲಮ್ ಕೂಡ ಇಂಥದ್ದೇ ಡೇನಿಷ್ ಮಾರ್ಮನ್ ವಲಸಿಗನ ಮಗ.

ಒಂದು ಜೊತೆ ಬೂಟಿನ ಕತೆ ಹೇಳಬೇಕು. ನಾರ್ವೆಯ ತ್ರೋನ್‌ಹೈಮ್‌ನಲ್ಲಿ ಆನಾ ವಿಡ್ಸೊ ಎಂಬ ವಿಧವೆ ಎರಡು ಗಂಡುಮಕ್ಕಳನ್ನು ಸಾಕುತ್ತಿದ್ದರು. ತೀರಿಕೊಂಡ ಪತಿ ಶಾಲಾ ಮೇಷ್ಟರು. ದೊಡ್ಡ ಮಗ ಜಾನ್‌ನ ಸವೆದ ಬೂಟನ್ನು ಊರಿನಲ್ಲಿ ಬೂಟು ಹೊಲಿಯುವವನ ಬಳಿ ಅಟ್ಟೆ ಹಾಕಲು ಕೊಟ್ಟರು. ಬೂಟು ವಾಪಸು ಬಂದಾಗ ಒಂದೊಂದರೊಳಗೂ ಒಂದೊಂದು ಮಾರ್ಮನ್ ಕರಪತ್ರ ತುರುಕಿತ್ತು. ಆಕೆಗೆ ಸಿಟ್ಟು, ಅದರ ಜೊತೆಗೇ ಕುತೂಹಲ. ಎರಡು ವರ್ಷ ವಾದ ಮಾಡಿ, ಓದಿ, ಕಡೆಗೆ 1881ರ ಏಪ್ರಿಲ್ 1ರಂದು ದಡದಲ್ಲಿನ್ನೂ ಹಿಮಗಡ್ಡೆಯಿದ್ದ ಕಡಲಿಗೆ ಇಳಿದು ದೀಕ್ಷೆ ಪಡೆದರು. 1883ರಲ್ಲಿ ಮಕ್ಕಳೊಂದಿಗೆ ಯೂಟಾ ಸೇರಿದರು. ಆ ಬೂಟಿನ ಹುಡುಗ ಹಾರ್ವರ್ಡ್‌ನಲ್ಲಿ ಓದಿ, ಕೃಷಿ ರಸಾಯನಶಾಸ್ತ್ರಜ್ಞನಾಗಿ, ಯೂಟಾ ವಿಶ್ವವಿದ್ಯಾಲಯದ ಅಧ್ಯಕ್ಷನಾಗಿ, 1921ರಲ್ಲಿ ಚರ್ಚಿನ ಹನ್ನೆರಡು ಅಪೊಸ್ತಲರಲ್ಲಿ ಒಬ್ಬನಾದ. ತಾಯಿಯೂ ಸುಮ್ಮನೆ ಕೂರಲಿಲ್ಲ. 1903ರಲ್ಲಿ ತಂಗಿಯ ಜೊತೆ ನಾರ್ವೆಗೆ ಮರಳಿ, ತನ್ನವರ ಬಾಗಿಲುಗಳನ್ನೇ ತಟ್ಟುತ್ತಾ ಕೆಲವು ವರ್ಷ ಮಿಷನರಿಯಾಗಿದ್ದರು.

ಹೋದವರನ್ನು ಉಳಿದವರು ಒಳ್ಳೆಯ ಮಾತಿನಲ್ಲಿ ನೆನೆಯಲಿಲ್ಲ. ತತ್ತ್ವಜ್ಞಾನಿ ಕೀರ್ಕೆಗಾರ್ಡ್‌ನ ಅಣ್ಣ, ಪಾದ್ರಿ ಪೀಟರ್ ಕ್ರಿಶ್ಚಿಯನ್, ಮಾರ್ಮನ್ನರ ವಿರುದ್ಧ ಪುಸ್ತಕವನ್ನೇ ಬರೆದ. ಒಬ್ಬನಿಗೆ ಹಲವು ಹೆಂಡಿರೆಂಬ ಪದ್ಧತಿಯನ್ನು ಚರ್ಚು 1852ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡ ಮೇಲಂತೂ ಗುಲ್ಲೋ ಗುಲ್ಲು. 1890ರಲ್ಲಿ ಅದನ್ನು ಕೈಬಿಟ್ಟದ್ದಾಗಿ ಸಾರಿದರೂ ಗುಮಾನಿ ಹೋಗಲಿಲ್ಲ. 1911ರಲ್ಲಿ ಡೆನ್ಮಾರ್ಕಿನ ನಾರ್ಡಿಸ್ಕ್ ಕಂಪನಿ ತೆಗೆದ ‘ಮಾರ್ಮನ್ನನ ಬಲಿ’ ಎಂಬ ಮೂಕಿ ಚಿತ್ರದಲ್ಲಿ ಸುಂದರ ಮಿಷನರಿಯೊಬ್ಬ ಹುಡುಗಿಯನ್ನು ಮರುಳು ಮಾಡಿ ಯೂಟಾಕ್ಕೆ ಒಯ್ಯುತ್ತಾನೆ. ಅರ್ಧ ಶತಮಾನದ ನಂತರ ಇದೇ ವಸ್ತುವಿಗೆ ಕರುಣೆಯ ಕಣ್ಣು ಕೊಟ್ಟವನು ನೊಬೆಲ್ ಪುರಸ್ಕೃತ ಐಸ್‌ಲ್ಯಾಂಡಿನ ಲೇಖಕ ಹಾಲ್ದೋರ್ ಲ್ಯಾಕ್ಸ್‌ನೆಸ್. 1960ರ ಅವನ ‘ಪಾರಾದೀಸರ್‌ಹೈಮ್ತ್’ ಕಾದಂಬರಿಯ ರೈತ, ಸ್ವರ್ಗ ಹುಡುಕಿಕೊಂಡು ಯೂಟಾಕ್ಕೆ ಹೋಗುತ್ತಾನೆ. ಮಾರ್ಮನ್ನರನ್ನು ಅರ್ಥ ಮಾಡಿಕೊಳ್ಳಲು ಹತ್ತು ಚರಿತ್ರೆಗಿಂತ ಈ ಒಂದು ಕಾದಂಬರಿ ಓದುವುದು ಮೇಲು.

ಇಂದು ಯೂಟಾದಲ್ಲಿ ಯೆನ್ಸನ್, ಲಾರ್ಸನ್, ಕ್ರಿಸ್ಟೆನ್ಸನ್ ಎಂಬ ಮನೆಹೆಸರುಗಳಿಗೆ ಬರವಿಲ್ಲ. ಅಂಥ ಮನೆಯ ಹುಡುಗನಿಗೇ ಕೆಲವೊಮ್ಮೆ ಸ್ಟಾಕ್‌ಹೋಮಿನ ಪತ್ರ ಬರುತ್ತದೆ. ಮುತ್ತಜ್ಜನ ಮುತ್ತಜ್ಜ ಹಡಗು ಹತ್ತಿದ ಬಂದರಿನಲ್ಲಿ ಈತ ಕರಪತ್ರ ಹಿಡಿದು ನಿಲ್ಲುತ್ತಾನೆ. ಕೊಯ್ದ ಹೊಲದಲ್ಲಿ ಹಕ್ಕಲು ಆಯುವ ಕೆಲಸ. 1853ರಲ್ಲಿ ಮಿಷನರಿಯಾಗಿ ಕರ್ನಾಟಕಕ್ಕೆ ಬಂದ ಕಿಟ್ಟೆಲ್ ನಾಲ್ಕು ದಶಕ ಕನ್ನಡಕ್ಕೆ ಅಂಟಿಕೊಂಡು 1894ರಲ್ಲಿ ನಿಘಂಟು ಕೊಟ್ಟ. ಈ ಹುಡುಗರಿಗೆ ಅಂಥ ಆಯುಷ್ಯವಿಲ್ಲ. ಕನಸು ಸ್ವೀಡಿಷ್‌ನಲ್ಲಿ ಬೀಳತೊಡಗುವ ಹೊತ್ತಿಗೆ ವಾಪಸು ಟಿಕೆಟ್ ಬಂದಿರುತ್ತದೆ. ಎರಡು ವರ್ಷದಲ್ಲಿ ಬೆರಳೆಣಿಕೆಯ ಜನಕ್ಕೆ ದೀಕ್ಷೆ ಕೊಟ್ಟರೆ ಅದೇ ದೊಡ್ಡದು.

ಹುಡುಕಿದರೆ ಹಳೆಯ ಕೊಂಡಿಗಳು ಈಗಲೂ ಕಾಣುತ್ತವೆ. ಕೋಪನ್‌ಹೇಗನ್ ಪಕ್ಕದ ಫ್ರೆಡ್ರಿಕ್ಸ್‌ಬರ್ಗ್‌ನ ಪ್ರಾರ್ಥನಾಲಯವನ್ನು 1931ರಲ್ಲಿ ಪ್ರತಿಷ್ಠಾಪಿಸಿದ್ದು ಬೂಟಿನ ಹುಡುಗ ಜಾನ್ ವಿಡ್ಸೊ. ಎರಡನೇ ಮಹಾಯುದ್ಧದಲ್ಲಿ ಅದು ಬಾಂಬ್ ದಾಳಿಯಿಂದ ರಕ್ಷಣೆಗೆ ಅಡಗುವ ತಾಣವಾಗಿ, 2004ರಲ್ಲಿ ನವೀಕರಣಗೊಂಡು ಮಂದಿರವಾಯಿತು. ಅದಕ್ಕೂ ಮುಂಚೆ, 1985ರಲ್ಲಿ, ಸ್ಟಾಕ್‌ಹೋಮ್ ಬಳಿ ಒಂದು ಮಂದಿರ ತಲೆಯೆತ್ತಿತ್ತು.

ವಾರಕ್ಕೊಂದು ದಿನ ಈ ಹುಡುಗರಿಗೆ ಬಿಡುವು. ಬಟ್ಟೆ ಒಗೆದು, ದಿನಸಿ ತಂದು, ಹೊತ್ತು ಉಳಿದರೆ ಊರು ಸುತ್ತಬಹುದು. ಕೋಪನ್‌ಹೇಗನ್ನಿನಲ್ಲಿದ್ದವರು ಒಮ್ಮೆಯಾದರೂ ಹೋಗುವುದು ‘ವೋರ್ ಫ್ರೂ’ ಎಂಬ ಲೂಥರನ್ ಚರ್ಚಿಗೆ. ಅಲ್ಲಿ ಡೇನಿಷ್ ಶಿಲ್ಪಿ ಥೋರ್ವಾಲ್ಡ್‌ಸನ್ ಕಡೆದ, ಎರಡೂ ಕೈ ಚಾಚಿ ನಿಂತ ಕ್ರಿಸ್ತನ ಅಮೃತಶಿಲೆಯ ಮೂರ್ತಿಯಿದೆ. ಮಾರ್ಮನ್ನರು 1960ರ ದಶಕದಲ್ಲಿ ಇದರ ಪ್ರತಿಕೃತಿಯನ್ನು ಸಾಲ್ಟ್ ಲೇಕ್ ಸಿಟಿಯಲ್ಲಿ ನಿಲ್ಲಿಸಿದರು, 2020ರಲ್ಲಿ ಅದೇ ಆಕೃತಿಯನ್ನು ತಮ್ಮ ಚರ್ಚಿನ ಲಾಂಛನದಲ್ಲಿ ಸೇರಿಸಿದರು. ಹೀಗಾಗಿ ಹುಡುಗರ ಜೇಬಿನ ಫೋನಿನಲ್ಲಿ ಹೆಬ್ಬೆರಳಿನಷ್ಟು ಗಾತ್ರದಲ್ಲಿರುವವನೇ ಇಲ್ಲಿ ಆಳೆತ್ತರ ಮೀರಿ ನಿಂತಿದ್ದಾನೆ, ಬೇರೆಯವರ ಚರ್ಚಿನಲ್ಲಿ. ಪೀಠದ ಮೇಲೆ ಕೆತ್ತಿದ ಡೇನಿಷ್ ಅಕ್ಷರಗಳನ್ನು ಒಬ್ಬ ಮೆಲ್ಲಗೆ ಕೂಡಿಸಿ ಓದುತ್ತಾನೆ. ಜೊತೆಗಾರ ಉಚ್ಚಾರ ತಿದ್ದುತ್ತಾನೆ. ಒಂದು ಫೋಟೊ ತೆಗೆದುಕೊಂಡು ಹೊರಡುತ್ತಾರೆ, ಸಂಜೆ ಆರಕ್ಕೆ ಬಿಡುವು ಮುಗಿಯುತ್ತದೆ.