ಗಣಕಯಂತ್ರಕ್ಕೆ ವೇಗದ ಹಾರ್ಡ್ ಡಿಸ್ಕ್ ಆಯ್ಕೆ: ಸಾರ್ವಜನಿಕರಿಗೆ ಮಾಹಿತಿ

ಸರ್ಕಾರದ ಸೇವೆಗಳಿಗೆ ಅಂತರಜಾಲದ ಮೂಲಕ ಅರ್ಜಿ ಸಲ್ಲಿಸುವ ನಾಗರಿಕರು ಹಾಗೂ ಬೆರಳಚ್ಚು ಮತ್ತು ಸೇವಾ ಕೇಂದ್ರಗಳನ್ನು ನಡೆಸುವವರು ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಪಹಣಿ, ಅಂಕಪಟ್ಟಿ, ಭಾವಚಿತ್ರ ಮುಂತಾದವುಗಳ ಪ್ರತಿಗಳನ್ನು ಗಣಕಯಂತ್ರದಲ್ಲಿ ಶೇಖರಿಸಿಡುತ್ತಾರೆ. ಗಣಕಯಂತ್ರವು ನಿಧಾನವಾದಾಗ ಹೊಸ ಯಂತ್ರವನ್ನೇ ಖರೀದಿಸುವುದು ಅಥವಾ ಪೆಟ್ಟಿಗೆಯ ಮೇಲೆ ಮುದ್ರಿಸಿರುವ ಅತಿ ದೊಡ್ಡ ಅಂಕಿಯನ್ನು ನೋಡಿ ಹಾರ್ಡ್ ಡಿಸ್ಕ್ ಖರೀದಿಸುವುದು ಸಾಮಾನ್ಯವಾಗಿದೆ. ಇದರಿಂದ ಹಣ ವ್ಯರ್ಥವಾಗುವುದಲ್ಲದೆ, ಕೆಲವೊಮ್ಮೆ ದಾಖಲೆಗಳೂ ನಷ್ಟವಾಗುತ್ತವೆ. ಸೂಕ್ತ ಸಂಗ್ರಹಣಾ ಸಾಧನವನ್ನು ಆಯ್ಕೆ ಮಾಡಿಕೊಳ್ಳಲು ಅನುಕೂಲವಾಗುವಂತೆ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ. ಇಲ್ಲಿ ಯಾವುದೇ ಕಂಪನಿಯ ಉತ್ಪನ್ನವನ್ನು ಶಿಫಾರಸು ಮಾಡಿರುವುದಿಲ್ಲ.

1. ಖರೀದಿಗೆ ಮುನ್ನ ವಿಳಂಬದ ಕಾರಣ ತಿಳಿಯುವುದು

ಅರ್ಜಿ ಸಲ್ಲಿಸುವ ಜಾಲತಾಣವು ತಡವಾಗಿ ತೆರೆದುಕೊಳ್ಳುತ್ತಿದ್ದಲ್ಲಿ ಅದಕ್ಕೆ ಬಹುತೇಕ ಅಂತರಜಾಲ ಸಂಪರ್ಕ ಅಥವಾ ಜಾಲತಾಣದ ಮೇಲಿನ ಒತ್ತಡ ಕಾರಣವಾಗಿರುತ್ತದೆ. ಹೊಸ ಡಿಸ್ಕ್ ಅಳವಡಿಸಿದರೆ ಇದು ಸರಿಹೋಗುವುದಿಲ್ಲ. ಆದರೆ ಗಣಕಯಂತ್ರ ಚಾಲನೆಗೊಳ್ಳಲು ಹಲವು ನಿಮಿಷ ಹಿಡಿಯುವುದು, ಕಡತ ತೆರೆಯಲು ಬಹಳ ಹೊತ್ತು ಕಾಯಬೇಕಾಗುವುದು ಡಿಸ್ಕ್ ನಿಧಾನವಾಗಿರುವುದರ ಲಕ್ಷಣಗಳಾಗಿವೆ.

ವಿಂಡೋಸ್ ಬಳಸುವವರು ಟಾಸ್ಕ್ ಮ್ಯಾನೇಜರ್ ತೆರೆದು ಡಿಸ್ಕ್ ಬಳಕೆಯ ಪ್ರಮಾಣವನ್ನು ನೋಡಬಹುದು. ಸಾಧಾರಣ ಕೆಲಸದಲ್ಲಿಯೂ ಅದು ಶೇಕಡಾ 100ರಲ್ಲಿಯೇ ನಿಂತಿದ್ದಲ್ಲಿ ಡಿಸ್ಕ್ ಬದಲಾವಣೆಯಿಂದ ಪ್ರಯೋಜನವಾಗುವ ಸಂಭವ ಹೆಚ್ಚು. ರ್‍ಯಾಮ್ ಕೂಡ ತುಂಬಿಹೋಗಿದ್ದಲ್ಲಿ ಯಂತ್ರವು ಡಿಸ್ಕನ್ನೇ ತಾತ್ಕಾಲಿಕ ಸ್ಮೃತಿಯಾಗಿ ಬಳಸುತ್ತಿರುತ್ತದೆ. ಅಂತಹ ಸಂದರ್ಭದಲ್ಲಿ ರ್‍ಯಾಮ್ ಹೆಚ್ಚಿಸುವುದೂ ಅವಶ್ಯವಾಗಿರುತ್ತದೆ.

2. ವೇಗ ಎಂದರೇನು?

ಡಿಸ್ಕಿನ ವೇಗದಲ್ಲಿ ಎರಡು ಅಂಶಗಳಿವೆ. ಒಂದೇ ದೊಡ್ಡ ಕಡತವನ್ನು ಪ್ರತಿ ಸೆಕೆಂಡಿಗೆ ಎಷ್ಟು ಓದಬಲ್ಲದು ಎಂಬುದು ಒಂದು. ಚದುರಿರುವ ಸಣ್ಣ ಸಣ್ಣ ಕಡತಗಳನ್ನು ಎಷ್ಟು ಬೇಗ ಹುಡುಕಿ ಕೊಡಬಲ್ಲದು ಎಂಬುದು ಇನ್ನೊಂದು. ಪೆಟ್ಟಿಗೆಯ ಮೇಲೆ ಮೊದಲನೆಯದನ್ನು ದೊಡ್ಡದಾಗಿ ಮುದ್ರಿಸಲಾಗಿರುತ್ತದೆ. ಆದರೆ ದಿನನಿತ್ಯದ ಕೆಲಸದಲ್ಲಿ ಅನುಭವಕ್ಕೆ ಬರುವುದು ಎರಡನೆಯದು.

ಹಾರ್ಡ್ ಡಿಸ್ಕಿನೊಳಗೆ ಕಾಂತೀಯ ತಟ್ಟೆಗಳು ತಿರುಗುತ್ತಿರುತ್ತವೆ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್ ಬೇಕಾಗುತ್ತದೆ. ಬೇಕಾದ ಭಾಗವು ಹೆಡ್‌ನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4.2 ಮಿಲಿಸೆಕೆಂಡ್ ಕಾಯಬೇಕು. 5400 ಸುತ್ತಿನ ಡಿಸ್ಕಿನಲ್ಲಿ ಇದು 5.6 ಮಿಲಿಸೆಕೆಂಡ್ ಆಗಿರುತ್ತದೆ. ಇದಲ್ಲದೆ ಹೆಡ್ ಸರಿಯಾದ ಪಥಕ್ಕೆ ಸರಿಯಲು ಸುಮಾರು 9 ಮಿಲಿಸೆಕೆಂಡ್ ಹಿಡಿಯುತ್ತದೆ. ಆದ್ದರಿಂದ 5400ರ ಬದಲು 7200 ಸುತ್ತಿನ ಡಿಸ್ಕ್ ಪಡೆದರೂ ಹುಡುಕುವ ವೇಗದಲ್ಲಿ ಆಗುವ ಲಾಭ ಅಲ್ಪವಾಗಿರುತ್ತದೆ.

ಎಸ್.ಎಸ್.ಡಿ. ಸಾಧನದಲ್ಲಿ ತಿರುಗುವ ಭಾಗಗಳಿರುವುದಿಲ್ಲ. ದತ್ತಾಂಶವು ಚಿಪ್‌ಗಳಲ್ಲಿ ಇರುವುದರಿಂದ ಹುಡುಕಲು ಸುಮಾರು 0.1 ಮಿಲಿಸೆಕೆಂಡ್ ಅಥವಾ ಅದಕ್ಕಿಂತ ಕಡಿಮೆ ಸಮಯ ಸಾಕಾಗುತ್ತದೆ. ಉದಾಹರಣೆಗೆ, 10,000 ಬೇರೆ ಬೇರೆ ಸ್ಥಳಗಳಿಂದ ಒಂದಾದ ಮೇಲೊಂದರಂತೆ ಓದಬೇಕಾದಲ್ಲಿ, 7200 ಸುತ್ತಿನ ಹಾರ್ಡ್ ಡಿಸ್ಕಿಗೆ ಎರಡು ನಿಮಿಷಕ್ಕೂ ಹೆಚ್ಚು ಸಮಯ ಬೇಕು. ಎಸ್.ಎಸ್.ಡಿ.ಗೆ ಸುಮಾರು ಒಂದು ಸೆಕೆಂಡ್ ಸಾಕು. ಹಳೆಯ ಗಣಕಯಂತ್ರವೂ ಎಸ್.ಎಸ್.ಡಿ. ಅಳವಡಿಸಿದ ನಂತರ ಚುರುಕಾಗುವುದಕ್ಕೆ ಇದೇ ಕಾರಣ.

3. ಲಭ್ಯವಿರುವ ವಿಧಗಳು

ಅ) ಹಾರ್ಡ್ ಡಿಸ್ಕ್: ದೊಡ್ಡ ಕಡತಗಳನ್ನು ಸೆಕೆಂಡಿಗೆ ಸಾಮಾನ್ಯವಾಗಿ 150ರಿಂದ 250 ಎಂ.ಬಿ. ವೇಗದಲ್ಲಿ ಓದುತ್ತದೆ. ಹೆಚ್ಚಿನ ಸಾಮರ್ಥ್ಯದ ಸಾಧನಗಳಲ್ಲಿ ಇದರ ಬೆಲೆ ಎಸ್.ಎಸ್.ಡಿ.ಗಿಂತ ಕಡಿಮೆ.

ಆ) ಸಾಟಾ ಎಸ್.ಎಸ್.ಡಿ.: ಸೆಕೆಂಡಿಗೆ ಸುಮಾರು 550 ಎಂ.ಬಿ. ಹಾರ್ಡ್ ಡಿಸ್ಕಿಗೆ ಬಳಸುವ ಸಾಟಾ ಸಂಪರ್ಕವೇ ಇದಕ್ಕೂ ಸಾಕಾಗುವುದರಿಂದ ಹಳೆಯ ಯಂತ್ರಗಳಿಗೆ ಸೂಕ್ತ.

ಇ) ಎನ್.ವಿ.ಎಂ.ಇ. ಎಸ್.ಎಸ್.ಡಿ.: ಮೂರನೆಯ ತಲೆಮಾರಿನ ಸಂಪರ್ಕದಲ್ಲಿ ಸೆಕೆಂಡಿಗೆ ಸುಮಾರು 3,500 ಎಂ.ಬಿ., ನಾಲ್ಕನೆಯ ತಲೆಮಾರಿನಲ್ಲಿ ಸುಮಾರು 7,000 ಎಂ.ಬಿ.ವರೆಗೆ ವೇಗವಿರುತ್ತದೆ.

4. ಬಳಕೆಗೆ ತಕ್ಕ ಆಯ್ಕೆ

ಅರ್ಜಿ ತುಂಬುವುದು, ಪತ್ರ ಬೆರಳಚ್ಚು ಮಾಡುವುದು, ದಾಖಲೆ ಸ್ಕ್ಯಾನ್ ಮಾಡುವುದು ಮುಂತಾದ ಕೆಲಸಗಳಿಗೆ ಸಾಟಾ ಎಸ್.ಎಸ್.ಡಿ. ಸಾಕಾಗುತ್ತದೆ. ಇಂತಹ ಕೆಲಸಗಳಲ್ಲಿ ಸಾಟಾ ಮತ್ತು ಎನ್.ವಿ.ಎಂ.ಇ. ನಡುವಿನ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಯಂತ್ರದಲ್ಲಿ ಎನ್.ವಿ.ಎಂ.ಇ. ಸ್ಥಾನವಿದ್ದು, ಎರಡರ ಬೆಲೆಯೂ ಸಮನಾಗಿದ್ದಲ್ಲಿ ಅದನ್ನೇ ಪಡೆಯಬಹುದು. ವಿಡಿಯೋ ಸಂಕಲನ ಮಾಡುವವರಿಗೆ ಎನ್.ವಿ.ಎಂ.ಇ. ನಿಜಕ್ಕೂ ಉಪಯುಕ್ತ. ಛಾಯಾಚಿತ್ರ, ವಿಡಿಯೋ ಮತ್ತು ಹಳೆಯ ದಾಖಲೆಗಳ ಸಂಗ್ರಹಕ್ಕೆ ಹಾರ್ಡ್ ಡಿಸ್ಕ್ ಮಿತವ್ಯಯಕರ. ಕಾರ್ಯಾಚರಣೆ ವ್ಯವಸ್ಥೆ ಮತ್ತು ತಂತ್ರಾಂಶಗಳಿಗೆ ಚಿಕ್ಕ ಎಸ್.ಎಸ್.ಡಿ., ಸಂಗ್ರಹಕ್ಕೆ ದೊಡ್ಡ ಹಾರ್ಡ್ ಡಿಸ್ಕ್ ಎಂಬ ಜೋಡಣೆಯು ಸೇವಾ ಕೇಂದ್ರಗಳಿಗೆ ಅನುಕೂಲಕರವಾಗಿರುತ್ತದೆ.

5. ಖರೀದಿಸುವಾಗ ಪರಿಶೀಲಿಸಬೇಕಾದ ಅಂಶಗಳು

• ಹಾರ್ಡ್ ಡಿಸ್ಕಿನ ಮೇಲೆ ಮುದ್ರಿಸಿರುವ 'ಸೆಕೆಂಡಿಗೆ 6 ಗಿಗಾಬಿಟ್' ಎಂಬುದು ಸಂಪರ್ಕದ ಗರಿಷ್ಠ ಮಿತಿಯೇ ಹೊರತು ಡಿಸ್ಕಿನ ವೇಗವಲ್ಲ. ರಸ್ತೆ ಅಗಲವಾಗಿದ್ದ ಮಾತ್ರಕ್ಕೆ ಎತ್ತಿನ ಗಾಡಿ ವೇಗವಾಗಿ ಓಡುವುದಿಲ್ಲ.

• ಎಂ.2 ಎಂಬುದು ಆಕಾರದ ಹೆಸರು ಮಾತ್ರ. ಕೆಲವು ಯಂತ್ರಗಳ ಎಂ.2 ಸ್ಥಾನವು ಸಾಟಾ ಮಾತ್ರ, ಕೆಲವು ಎನ್.ವಿ.ಎಂ.ಇ. ಮಾತ್ರ, ಇನ್ನು ಕೆಲವು ಎರಡನ್ನೂ ಸ್ವೀಕರಿಸುತ್ತವೆ. ಯಂತ್ರದ ಕೈಪಿಡಿಯನ್ನು ನೋಡಿಯೇ ಖರೀದಿಸುವುದು.

• ಹೊರಗಿನಿಂದ ಜೋಡಿಸುವ ಡ್ರೈವ್ ಆಗಿದ್ದಲ್ಲಿ ಯಂತ್ರದಲ್ಲಿ ಯು.ಎಸ್.ಬಿ. 3.0 ಅಥವಾ ನಂತರದ ಪೋರ್ಟ್ ಇರಬೇಕು. ಯು.ಎಸ್.ಬಿ. 2.0 ಪೋರ್ಟಿನಲ್ಲಿ ಎಂತಹ ವೇಗದ ಡ್ರೈವ್ ಆದರೂ ಸೆಕೆಂಡಿಗೆ ಸುಮಾರು 40 ಎಂ.ಬಿ. ದಾಟುವುದಿಲ್ಲ.

• ಕೆಲವು ಹಾರ್ಡ್ ಡಿಸ್ಕುಗಳಲ್ಲಿ ಪಥಗಳನ್ನು ಮನೆಯ ಹೆಂಚುಗಳಂತೆ ಒಂದರ ಮೇಲೊಂದು ಬರುವ ಹಾಗೆ ಬರೆಯಲಾಗುತ್ತದೆ. ಇದನ್ನು ಎಸ್.ಎಂ.ಆರ್. ಎನ್ನುತ್ತಾರೆ. ಒಂದು ಪಥವನ್ನು ತಿದ್ದಲು ಪಕ್ಕದ ಪಥಗಳನ್ನೂ ಮತ್ತೆ ಬರೆಯಬೇಕಾಗುವುದರಿಂದ, ಪದೇ ಪದೇ ಬದಲಾಗುವ ಕಡತಗಳಿಗೆ ಇವು ನಿಧಾನ. ಅಂತಹ ಬಳಕೆಗೆ ಸಿ.ಎಂ.ಆರ್. ಡಿಸ್ಕ್ ಕೇಳಿ ಪಡೆಯುವುದು.

• ಕಡಿಮೆ ಬೆಲೆಯ ಎಸ್.ಎಸ್.ಡಿ.ಗಳಲ್ಲಿ, ವಿಶೇಷವಾಗಿ ಕ್ಯೂ.ಎಲ್.ಸಿ. ಮಾದರಿಯವುಗಳಲ್ಲಿ, ಮೊದಲ ಕೆಲವು ಜಿ.ಬಿ. ವೇಗವಾಗಿ ಬರೆದ ನಂತರ ವೇಗ ಕುಸಿಯುತ್ತದೆ. ಕೆಲವು ಮಾದರಿಗಳಲ್ಲಿ ಅದು ಹಾರ್ಡ್ ಡಿಸ್ಕಿಗಿಂತಲೂ ಕೆಳಗಿಳಿಯುವುದುಂಟು.

• ಎಸ್.ಎಸ್.ಡಿ. ಬೇಗ ಸವೆಯುತ್ತದೆ ಎಂಬ ಆತಂಕ ಸಾಮಾನ್ಯ ಬಳಕೆಗೆ ಅನ್ವಯಿಸುವುದಿಲ್ಲ. ಒಟ್ಟು 150 ಟಿ.ಬಿ. ಬರೆಯುವ ಮಿತಿಯುಳ್ಳ ಡ್ರೈವ್‌ಗೆ ದಿನಕ್ಕೆ 20 ಜಿ.ಬಿ. ಬರೆದರೂ ಆ ಮಿತಿ ತಲುಪಲು 20 ವರ್ಷ ಬೇಕು.

• 1 ಟಿ.ಬಿ. ಡ್ರೈವ್ ವಿಂಡೋಸ್‌ನಲ್ಲಿ ಸುಮಾರು 931 ಜಿ.ಬಿ. ಎಂದು ಕಾಣಿಸುವುದು ಎಣಿಕೆಯ ಕ್ರಮದ ವ್ಯತ್ಯಾಸವೇ ಹೊರತು ಮೋಸವಲ್ಲ. ಆದರೆ ಮಾರುಕಟ್ಟೆ ಬೆಲೆಗಿಂತ ಅತ್ಯಂತ ಕಡಿಮೆ ಬೆಲೆಗೆ ಹಲವು ಟಿ.ಬಿ. ಸಾಮರ್ಥ್ಯವೆಂದು ಮಾರುವ ಡ್ರೈವ್‌ಗಳು ನಕಲಿಯಾಗಿರುವ ಸಂಭವವಿದೆ. ಇವು ಸಾಮರ್ಥ್ಯವನ್ನು ಸುಳ್ಳಾಗಿ ತೋರಿಸಿ, ತುಂಬಿದ ನಂತರ ಬರೆದ ಕಡತಗಳನ್ನು ಹಾಳು ಮಾಡುತ್ತವೆ.

6. ಅಳವಡಿಸುವಾಗ

ಹಳೆಯ ಡಿಸ್ಕಿನ ಸಂಪೂರ್ಣ ಪ್ರತಿಯನ್ನು ತೆಗೆದಿಟ್ಟುಕೊಂಡ ನಂತರವೇ ಬದಲಾವಣೆಗೆ ಮುಂದಾಗತಕ್ಕದ್ದು. ಕಾರ್ಯಾಚರಣೆ ವ್ಯವಸ್ಥೆಯನ್ನು ಹೊಸದಾಗಿ ಅಳವಡಿಸುವುದಾದಲ್ಲಿ ಮುದ್ರಕ ಮತ್ತು ಬೆರಳಚ್ಚು ಸಾಧನಗಳ ಚಾಲಕ ತಂತ್ರಾಂಶಗಳನ್ನು ಮೊದಲೇ ಸಂಗ್ರಹಿಸಿಕೊಳ್ಳುವುದು. ಯೂನಿಕೋಡ್ ಅಲ್ಲದ ಹಳೆಯ ನುಡಿ ಕಡತಗಳು ಸರಿಯಾಗಿ ಕಾಣಿಸಲು ಆ ಫಾಂಟ್‌ಗಳನ್ನೂ ಹೊಸದಾಗಿ ಹಾಕಬೇಕಾಗುತ್ತದೆ. ಹೊಸ ಡ್ರೈವ್‌ನಲ್ಲಿ ಎಲ್ಲ ಕಡತಗಳು ತೆರೆಯುತ್ತವೆಯೇ ಎಂದು ನೋಡುವವರೆಗೆ ಹಳೆಯ ಡಿಸ್ಕನ್ನು ಅಳಿಸಬಾರದು.

7. ವೇಗವೇ ಸುರಕ್ಷತೆಯಲ್ಲ

ಎಷ್ಟೇ ಬೆಲೆಯ ಡ್ರೈವ್ ಆದರೂ ಒಂದು ದಿನ ಕೆಡಬಹುದು. ಹಾರ್ಡ್ ಡಿಸ್ಕ್ ಕೆಡುವ ಮುನ್ನ ಕೆಲವೊಮ್ಮೆ ಸದ್ದು ಮಾಡಿ ಅಥವಾ ನಿಧಾನವಾಗಿ ಮುನ್ಸೂಚನೆ ನೀಡುತ್ತದೆ. ಎಸ್.ಎಸ್.ಡಿ. ಯಾವ ಮುನ್ಸೂಚನೆಯೂ ಇಲ್ಲದೆ ಒಮ್ಮೆಲೇ ನಿಂತುಹೋಗುವುದುಂಟು. ಆದ್ದರಿಂದ ಮುಖ್ಯ ದಾಖಲೆಗಳ ಮೂರು ಪ್ರತಿಗಳನ್ನು ಎರಡು ಬಗೆಯ ಸಾಧನಗಳಲ್ಲಿ ಇರಿಸಿ, ಒಂದು ಪ್ರತಿಯನ್ನು ಬೇರೆ ಸ್ಥಳದಲ್ಲಿಡುವುದು ಸೂಕ್ತ. ವಿದ್ಯುತ್ ಸಂಪರ್ಕವಿಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿಟ್ಟ ಎಸ್.ಎಸ್.ಡಿ.ಯಲ್ಲಿ ದತ್ತಾಂಶ ಅಳಿಯುವ ಸಾಧ್ಯತೆ ಇರುವುದರಿಂದ ದೀರ್ಘಕಾಲದ ಪ್ರತಿಗೆ ಹಾರ್ಡ್ ಡಿಸ್ಕ್ ಮೇಲು. ಬಜೆಟ್ ಸೀಮಿತವಾಗಿದ್ದಲ್ಲಿ ಅತಿ ವೇಗದ ಒಂದು ಡ್ರೈವ್‌ಗಿಂತ, ಸಾಧಾರಣ ವೇಗದ ಎಸ್.ಎಸ್.ಡಿ. ಒಂದನ್ನು ಮತ್ತು ಪ್ರತಿಗಳಿಗಾಗಿ ಹೊರಗಿನ ಹಾರ್ಡ್ ಡಿಸ್ಕ್ ಒಂದನ್ನು ಪಡೆಯುವುದು ವಿವೇಕಯುತವಾಗಿರುತ್ತದೆ. ವಿದ್ಯುತ್ ಆಗಾಗ್ಗೆ ಕಡಿತಗೊಳ್ಳುವ ಸ್ಥಳಗಳಲ್ಲಿ ಯು.ಪಿ.ಎಸ್. ಬಳಸುವುದು.

8. ರಶೀದಿ, ಖಾತರಿ ಮತ್ತು ದೂರು

ಕ್ರಮಸಂಖ್ಯೆ ನಮೂದಿಸಿರುವ ಜಿ.ಎಸ್.ಟಿ. ರಶೀದಿಯನ್ನು ಪಡೆದು, ಖಾತರಿ ಅವಧಿಯನ್ನು ತಯಾರಕರ ಜಾಲತಾಣದಲ್ಲಿ ಅದೇ ದಿನ ಪರಿಶೀಲಿಸುವುದು. ಖಾತರಿಯಲ್ಲಿ ಡ್ರೈವ್ ಬದಲಾಯಿಸಿ ಕೊಡಬಹುದಾದರೂ, ಕಳೆದುಹೋದ ದತ್ತಾಂಶಕ್ಕೆ ಸಾಮಾನ್ಯವಾಗಿ ಹೊಣೆ ಇರುವುದಿಲ್ಲ. ಮಾರಾಟಗಾರರಿಂದ ಅನ್ಯಾಯವಾದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಂಖ್ಯೆ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅನ್ವಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರನ್ನು, ದೂರಿಗೆ ಕಾರಣ ಉಂಟಾದ ದಿನಾಂಕದಿಂದ ಎರಡು ವರ್ಷಗಳೊಳಗೆ ಸಲ್ಲಿಸತಕ್ಕದ್ದು.

9. ಹಳೆಯ ಡಿಸ್ಕಿನ ವಿಲೇವಾರಿ

ಕಡತಗಳನ್ನು ಅಳಿಸಿದ ಮಾತ್ರಕ್ಕೆ ಅಥವಾ ಕ್ವಿಕ್ ಫಾರ್ಮ್ಯಾಟ್ ಮಾಡಿದ ಮಾತ್ರಕ್ಕೆ ಆಧಾರ್, ಬ್ಯಾಂಕ್ ಮುಂತಾದ ವಿವರಗಳು ನಾಶವಾಗುವುದಿಲ್ಲ. ಹಾರ್ಡ್ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಮೇಲ್ಬರಹ ಮಾಡಿಸುವುದು. ಎಸ್.ಎಸ್.ಡಿ.ಯಾದಲ್ಲಿ ತಯಾರಕರ ಸೆಕ್ಯೂರ್ ಇರೇಸ್ ಸೌಲಭ್ಯವನ್ನು ಬಳಸುವುದು. ಸೇವಾ ಕೇಂದ್ರಗಳಲ್ಲಿ ಇತರರ ದಾಖಲೆಗಳೂ ಇರುವುದರಿಂದ ಈ ಎಚ್ಚರಿಕೆ ಅತ್ಯವಶ್ಯ. ಕೆಟ್ಟ ಡ್ರೈವ್‌ಗಳನ್ನು ಕಸದೊಂದಿಗೆ ಎಸೆಯದೆ ಅಧಿಕೃತ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ನೀಡುವುದು.

ಸಾರ್ವಜನಿಕರು ಮೇಲ್ಕಂಡ ಮಾಹಿತಿಯ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.